ಬಾಟಲಿ ತರೋ ಮೊದಲು ಎಲೆ ನೋಡು

ಹಾಸನ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ಶಾಂತಿಗ್ರಾಮದ ಹೊಲದಲ್ಲಿ ಪಾಲಕ್ ಎಲೆಗೆಲ್ಲ ಚುಕ್ಕೆ ಬಿದ್ದಿದೆಯಂತೆ. ಹೈವೇ ಹೊಗೆಯಿಂದ ಹೀಗಾಗಿದೆ, ವಿಟಮಿನ್ ಸಿ ಥರದ ಆಂಟಿಆಕ್ಸಿಡೆಂಟ್ ದ್ರಾವಣ ಹೊಡೆದರೆ ಸರಿಹೋಗುತ್ತೆ ಅಂತ ಅಂಗಡಿಯಲ್ಲಿ ಯಾರೋ ಹೇಳಿದರಂತೆ. ಸೋಮವಾರ ದುಡ್ಡು ಕಟ್ಟಿ ಅದರ ಬಾಟಲಿ ತರುತ್ತೀಯಂತೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದು.

ಮೊದಲು ಎಲೆ ನೋಡು. ಚುಕ್ಕೆ ದುಂಡಗಿದ್ದು, ನಡುವೆ ಬೂದಿ ಬಣ್ಣ, ಸುತ್ತ ಕೆಂಪು-ಕಂದು ಅಂಚು ಇದ್ದರೆ ಅದು ಬೂಷ್ಟು ರೋಗ. ಎಲೆಯ ತಳದಲ್ಲಿ ಬೆಳ್ಳಿಯಂತೆ ಹೊಳಪಿದ್ದು, ಭೂತಗನ್ನಡಿಯಲ್ಲಿ ಸಣ್ಣ ಹುಳು ಓಡಾಡುವುದು ಕಂಡರೆ ಥ್ರಿಪ್ಸ್ ಅಥವಾ ನುಸಿ. ಹೊಗೆಯಿಂದ ಗಾಳಿಯಲ್ಲಿ ಹುಟ್ಟುವ ಓಝೋನ್ ಅನ್ನುವ ಅನಿಲದ ಪೆಟ್ಟು ಬೇರೆ ಥರ. ಬಲಿತ ಎಲೆಯ ಮೇಲುಗಡೆ, ನರಗಳ ನಡುವೆ, ಸೂಜಿಮೊನೆಯಷ್ಟು ಸಣ್ಣ ಬಿಳಿ ಅಥವಾ ಕಂದು ಚುಕ್ಕೆ ಒತ್ತೊತ್ತಾಗಿ ಬೀಳುತ್ತವೆ. ನರ ಮಾತ್ರ ಹಸಿರಾಗೇ ಉಳಿಯುತ್ತದೆ. ಹೊಸ ಎಳೆ ಎಲೆಗೆ ಅಷ್ಟಾಗಿ ತಾಗಿರುವುದಿಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದು ಬೇಸಿಗೆ ಪೂರ್ತಿ ಕಳೆದುಕೊಂಡೆ. ಗೊರೂರು ಕಡೆ ಗುತ್ತಿಗೆಗೆ ಮಾಡಿದ್ದೆನಲ್ಲ ಆ ತುಂಡು ಜಮೀನು, ನಿನಗೆ ನೆನಪಿರಬಹುದು. ರೋಗ ಅಂದುಕೊಂಡು ಮೂರು ಸಲ ಔಷಧಿ ಹೊಡೆದೆ. ಚುಕ್ಕೆ ನಿಲ್ಲಲಿಲ್ಲ. ಔಷಧಿ ಹೊಡೆದ ಸೊಪ್ಪು ಮಾರಲು ಮನಸ್ಸು ಬರದೆ ಅಷ್ಟನ್ನೂ ಉಳುಮೆ ಮಾಡಿಸಿದೆ. ಆಮೇಲೆ ಕೃಷಿ ಓದಿದ ಒಬ್ಬರು ಬಂದು ಎಲೆ ತಿರುಗಿಸಿ ನೋಡಿ, ಇದು ಗಾಳಿಯಲ್ಲಿರುವ ಓಝೋನಿನ ಪೆಟ್ಟು ಇದ್ದ ಹಾಗಿದೆ ಅಂದರು. ನನಗೆ ನಂಬಲಾಗಲಿಲ್ಲ. ಅಲ್ಲಿ ದೊಡ್ಡ ರಸ್ತೆಯೇ ಇರಲಿಲ್ಲವಲ್ಲ!

ವಿಷಯ ಇರುವುದೇ ಅಲ್ಲಿ ಕಣೋ. ಓಝೋನ್ ಲಾರಿಯ ಕೊಳವೆಯಿಂದ ನೇರವಾಗಿ ಬರುವುದಿಲ್ಲ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡು, ಪೆಟ್ರೋಲು-ಡೀಸೆಲಿನ ಆವಿ, ಇವು ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತದೆ. ಅದಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ಗಾಳಿ ಅದನ್ನು ಎಲ್ಲಿಗೋ ಒಯ್ದಿರುತ್ತದೆ. ರಸ್ತೆ ಪಕ್ಕದಲ್ಲಂತೂ ಹೊಸ ಹೊಗೆಯೇ ಓಝೋನನ್ನು ತಿಂದು ಕಡಿಮೆ ಮಾಡುತ್ತದೆ. ಹಾಗಾಗಿ ಹೆದ್ದಾರಿ ಅಂಚಿನ ನಿನ್ನ ಹೊಲಕ್ಕಿಂತ, ಶುದ್ಧ ಗಾಳಿ ಅಂತ ನಾವು ನಂಬಿರುವ ಒಳಗಿನ ಊರಿನಲ್ಲಿ ಅದು ಜಾಸ್ತಿ ಇರಬಹುದು. ಬೇಸಿಗೆಯ ಒಣ ದಿನಗಳಲ್ಲಿ, ಮಧ್ಯಾಹ್ನದ ಮೇಲೆ ಅದರ ಜೋರು. ಮಳೆ ಹಿಡಿದರೆ ಇಳಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತ ಇಂಥ ಗಾಳಿಗೆ ಮೊದಲು ಸುಟ್ಟುಹೋದ ಬೆಳೆಗಳಲ್ಲಿ ಪಾಲಕ್ ಜಾತಿಯ ಸೊಪ್ಪೂ ಇತ್ತು.

ಇನ್ನು ಆಂಟಿಆಕ್ಸಿಡೆಂಟ್ ಮಾತು. ಅದು ಸುಳ್ಳಲ್ಲ. ನಿಮ್ಮಮ್ಮ ಬಾಳೆದಿಂಡು ಹೆಚ್ಚಿ ನಿಂಬೆಹುಳಿ ಹಿಂಡಿದ ನೀರಿಗೆ ಹಾಕುತ್ತಾಳಲ್ಲ, ಕಪ್ಪಾಗದಿರಲಿ ಅಂತ, ಹೆಚ್ಚುಕಮ್ಮಿ ಅದೇ ಕೆಲಸ. ಎಲೆಯ ಸಣ್ಣ ಬಾಯಿಗಳಿಂದ ಓಝೋನ್ ಒಳಗೆ ಹೋದಾಗ, ಜೀವಕೋಶದ ಹೊರಗಿನ ತೇವದಲ್ಲಿರುವ ವಿಟಮಿನ್ ಸಿ ಮೊದಲು ಅದನ್ನು ಎದುರಿಸುತ್ತದೆ. ಅದು ಸಾಲದೆ ಬಂದಾಗಲೇ ಕೋಶ ಸಾಯುವುದು, ಚುಕ್ಕೆ ಬೀಳುವುದು.

ಆದರೆ ಮೇಲಿನಿಂದ ಹೊಡೆದ ವಿಟಮಿನ್ ಸಿ ಬಹುಪಾಲು ಎಲೆಯ ಮೇಣದ ಮೇಲೇ ಉಳಿಯುತ್ತದೆ. ನೀರಿಗೆ ಬೆರೆಸಿಟ್ಟರೆ ಬೇಗ ಕೆಡುತ್ತದೆ. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಾದರೆ ಇನ್ನೂ ಬೇಗ. ತಿಂಗಳುಗಟ್ಟಲೆ ಬಾಟಲಿಯಲ್ಲಿ ಕೂತ ದ್ರಾವಣದಲ್ಲಿ ಎಷ್ಟು ಉಳಿದಿರುತ್ತೆ, ನೀನೇ ಯೋಚಿಸು.

ಎಥಿಲೀನ್‌ಡೈಯೂರಿಯಾ ಅಂತ ಇನ್ನೊಂದು ರಾಸಾಯನಿಕ ಇದೆ. ಓಝೋನಿನಿಂದ ಗಿಡವನ್ನು ಕಾಪಾಡುತ್ತದೆ ಅಂತ 1978ರಲ್ಲೇ ವರದಿಯಾಯಿತು. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಪಾಲಕ್ ಮೇಲೇ ಅದನ್ನು ಪರೀಕ್ಷಿಸಿದ್ದಾರೆ, ಗಿಡಕ್ಕೆ ರಕ್ಷಣೆ ಸಿಕ್ಕಿದೆ. ಆದರೆ ಅದು ಓಝೋನ್ ಎಷ್ಟು ಹಾಳು ಮಾಡುತ್ತಿದೆ ಎಂದು ಅಳೆಯಲು ವಿಜ್ಞಾನಿಗಳು ಬಳಸುವ ವಸ್ತು. ಜನ ನಾಳೆ ಬೆಳಿಗ್ಗೆ ಸಾರಿಗೆ ಹಾಕುವ ಸೊಪ್ಪಿಗೆ ನಾವು ಹೊಡೆಯುವಂಥದ್ದಲ್ಲ. ಆ ಹೆಸರು ಹೇಳಿ ಯಾರೇ ಕೊಟ್ಟರೂ ಮುಟ್ಟಬೇಡ.

ನಿನ್ನ ಹೊಲದಲ್ಲಿ ನನಗೆ ಜಾಸ್ತಿ ಅನುಮಾನ ಧೂಳಿನ ಮೇಲೆ. ಧೂಳು ಕೂತರೆ ಎಲೆಗೆ ಬೆಳಕು ಸಿಗುವುದಿಲ್ಲ, ಬಾಯಿಯೂ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೆಳಿಗ್ಗೆ ಬೇಗ ಶುದ್ಧ ನೀರಿನಲ್ಲಿ ಎಲೆ ತೊಳೆಯುವ ಹಾಗೆ ಸ್ಪ್ರೇ ಮಾಡಿದರೆ ಸಾಕು. ಬಿಸಿಲೇರುವಷ್ಟರಲ್ಲಿ ಎಲೆ ಆರಿರಬೇಕು, ಇಲ್ಲದಿದ್ದರೆ ಬೂಷ್ಟು ಬರುತ್ತೆ. ರಸ್ತೆ ಕಡೆ ಬದುವಿಗೆ ಗ್ಲಿರಿಸಿಡಿಯಾ ಒತ್ತಾಗಿ ನೆಡು, ಈ ವರ್ಷಕ್ಕೆ ನಾಲ್ಕು ಸಾಲು ಜೋಳ ಬಿತ್ತು. ಧೂಳು ತಡೆಯುತ್ತದೆ. ಓಝೋನ್ ತಡೆಯುವುದಿಲ್ಲ, ಅದು ಗಾಳಿಯಲ್ಲೇ ಬೆರೆತಿರುವಂಥದ್ದು.

ಮತ್ತೆ ಯೂರಿಯಾ ಕಮ್ಮಿ ಮಾಡು. ಸೊಪ್ಪು ದಪ್ಪಗೆ, ಕಪ್ಪಗೆ ಬರಲಿ ಅಂತ ನೀನು ಕೈಬಿಚ್ಚಿ ಹಾಕುವುದು ನನಗೆ ಗೊತ್ತು. ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದಷ್ಟೂ ಎಷ್ಟೋ ತರಕಾರಿಗಳಲ್ಲಿ ವಿಟಮಿನ್ ಸಿ ಕಡಿಮೆಯಾಗುತ್ತದೆ. ಗಿಡದೊಳಗೇ ಇರುವ ಔಷಧಿಯನ್ನು ಕಳೆದು, ಅದನ್ನೇ ಅಂಗಡಿಯಿಂದ ತಂದ ಹಾಗಾಗುತ್ತದೆ, ಅಲ್ವಾ? ಕೊಟ್ಟಿಗೆ ಗೊಬ್ಬರ ನಿಮ್ಮ ಮನೆಯಲ್ಲೇ ಇದೆ.

ಇಷ್ಟಾದ ಮೇಲೂ ಆಂಟಿಆಕ್ಸಿಡೆಂಟ್ ಹೊಡೆದು ನೋಡಲೇಬೇಕು ಅನಿಸಿದರೆ, ಬೇಡ ಅನ್ನುವುದಿಲ್ಲ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಪ್ರಮಾಣ ತಿಳಿದುಕೊಂಡು ಮಾಡು. ಒಂದೇ ದಿನ ಬಿತ್ತಿದ ಎರಡು ಮಡಿ ತಗೋ. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ನೀರು. ಕೊಯ್ಲಿನಲ್ಲಿ ಎರಡರ ಕಟ್ಟು ಎಣಿಸು. ಬರೀ ನೀರಿನ ಮಡಿ ಇಲ್ಲದೆ ಹೊಡೆದರೆ, ಗಿಡ ತಾನೇ ಚೇತರಿಸಿಕೊಂಡದ್ದನ್ನೂ ಬಾಟಲಿಯ ಲೆಕ್ಕಕ್ಕೆ ಬರೆಯುತ್ತೀಯ.

ಭಾನುವಾರ ಮನೆಗೆ ಬಾ. ಬರುವಾಗ ಒಂದೇ ಗಿಡದಿಂದ ಬಲಿತ ಎಲೆ ಎರಡು, ಎಳೆ ಎಲೆ ಎರಡು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಾ. ಧೂಳು ಒರೆಸಬೇಡ, ಹಾಗೇ ಇರಲಿ. ಭೂತಗನ್ನಡಿ ನನ್ನ ಹತ್ತಿರ ಇದೆ. ಇಬ್ಬರೂ ಕೂತು ನೋಡೋಣ. ಸೋಮವಾರದ ದುಡ್ಡು ಅಲ್ಲಿಯವರೆಗೆ ಜೇಬಿನಲ್ಲೇ ಇರಲಿ.

ಇಂತಿ ನಿನ್ನ
ದೊಡ್ಡಪ್ಪ