ಪ್ರಶಸ್ತಿ ಕೊಡುವ ಮುನ್ನ ಒಮ್ಮೆ ಊರಿಗೆ ಬನ್ನಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ವಿಷಯ: ವಿದ್ಯಾರ್ಥಿಗಳ ಸಮಾಜಸೇವೆಗಾಗಿ ಕಾಲೇಜುಗಳನ್ನು ಗುರುತಿಸುವಾಗ ಕಡತದ ಜೊತೆಗೆ ಕೆಲಸ ನಡೆದ ಊರನ್ನೂ ನೋಡಬೇಕೆಂಬ ಮನವಿ.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅಲ್ಲಿ ಎರಡು ಅವಧಿಗೆ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಕಾರ್ಯಕ್ರಮಾಧಿಕಾರಿಯಾಗಿದ್ದೆ. ಮೊದಲ ಅವಧಿಯನ್ನು ಆಸೆಯಿಂದ ಒಪ್ಪಿಕೊಂಡೆ. ಎರಡನೆಯದನ್ನು ಬೇರೆ ಯಾರೂ ಒಪ್ಪಲಿಲ್ಲವೆಂಬ ಕಾರಣಕ್ಕೆ ಹೊತ್ತುಕೊಂಡೆ. ಈ ಪತ್ರವನ್ನು ಎಷ್ಟೋ ವರ್ಷಗಳ ಹಿಂದೆಯೇ ಬರೆಯಬೇಕಾಗಿತ್ತು. ಸೇವೆಯಲ್ಲಿದ್ದಾಗ ಬರೆಯುವ ಧೈರ್ಯವಿರಲಿಲ್ಲ, ನಿವೃತ್ತನಾದ ಮೇಲೆ ಯಾರಿಗೆ ಬೇಕು ಎಂದು ಸುಮ್ಮನಿದ್ದೆ. ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಈಗ ಅವಳೂ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಎನ್ನೆಸ್ಸೆಸ್ ಕೆಲಸವನ್ನೂ ನೋಡಿಕೊಳ್ಳುತ್ತಾಳೆ. ಅವಳು ಕೇಳಿದ್ದು ಇಷ್ಟೇ: "ಸರ್, ಪ್ರಶಸ್ತಿಯ ಅರ್ಜಿಗೆ ಡ್ರೋನ್ ವಿಡಿಯೊ ಇದ್ದರೆ ಒಳ್ಳೆಯದಂತೆ, ಬಾಡಿಗೆಗೆ ಎಷ್ಟಾಗಬಹುದು?" ಶಿಬಿರಕ್ಕೆ ಯಾವ ಊರನ್ನು ಆರಿಸಿಕೊಂಡಿದ್ದೀಯಮ್ಮ ಎಂದು ಕೇಳಿದೆ. ಅದಿನ್ನೂ ನಿರ್ಧಾರವಾಗಿಲ್ಲವೆಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಯಮಗಳು ತಮಗೆ ತಿಳಿದೇ ಇವೆ. ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಹಳ್ಳಿಯಲ್ಲಿಯೇ ಉಳಿಯಬೇಕು, ಘಟಕಕ್ಕೊಂದು ದತ್ತು ಗ್ರಾಮವಿರಬೇಕು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಈ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ನಮ್ಮ ಪಕ್ಕದ ಬಳ್ಳಾರಿಯಿಂದಲೇ ಲೋಕಸಭೆಗೆ ಆಯ್ಕೆಯಾಗಿದ್ದವರು. 'ನನಗಲ್ಲ, ನಿನಗೆ' ಎಂಬುದು ಯೋಜನೆಯ ಧ್ಯೇಯವಾಕ್ಯ. ಇಂದು ಅದೇ ವಾಕ್ಯವನ್ನು ಬ್ಯಾನರಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ, ಅದರ ಕೆಳಗೆ ತಮ್ಮ ಕಾಲೇಜಿನ ಹೆಸರನ್ನು ಇನ್ನೂ ದೊಡ್ಡದಾಗಿ ಹಾಕಿಸುತ್ತಾರೆ.

ನನ್ನ ಸಂಗತಿಗೆ ಬರುತ್ತೇನೆ. ಒಂದು ವರ್ಷ ನಾವು ಕಾಲೇಜಿನಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯೊಂದರಲ್ಲಿ ಶಿಬಿರ ಹೂಡಿದೆವು. ಊರ ದೇವಸ್ಥಾನದ ಹಿಂದೆ ಹಳೆಯದೊಂದು ಕಲ್ಯಾಣಿಯಿತ್ತು. ಇತ್ತು ಎನ್ನುವುದು ಹಿರಿಯರ ನೆನಪು. ನಾವು ಕಂಡದ್ದು ಜಾಲಿ ಮುಳ್ಳು, ಹೂಳು ಮತ್ತು ಊರಿನವರು ತಂದು ಸುರಿದ ಕಸ. ಐವತ್ತು ವಿದ್ಯಾರ್ಥಿಗಳಿದ್ದರು. ಆಗ ಸರ್ಕಾರ ಕೊಡುತ್ತಿದ್ದುದು ಏಳು ದಿನಕ್ಕೆ ತಲಾ 450 ರೂಪಾಯಿ. ಭಾಗಿಸಿ ನೋಡಿದರೆ ದಿನಕ್ಕೆ ಅರವತ್ನಾಲ್ಕು ರೂಪಾಯಿ ಚಿಲ್ಲರೆ. ಅದರಲ್ಲೇ ಎರಡು ಹೊತ್ತಿನ ಊಟ, ತಿಂಡಿ, ಕಾಫಿ, ಹೋಗಿಬರುವ ಖರ್ಚು, ಕೊನೆಯ ದಿನದ ಸಮಾರೋಪಕ್ಕೆ ಬರುವ ಗಣ್ಯರ ಶಾಲು ಹಾರ ಎಲ್ಲವೂ ಆಗಬೇಕು. ಊರಿನವರು ರಾಗಿ, ಹುರುಳಿ, ಸೌದೆ ಕೊಡದಿದ್ದರೆ ಮೂರನೆಯ ದಿನವೇ ಗಂಟು ಕಟ್ಟಬೇಕಾಗಿತ್ತು. ಇನ್ನೊಂದು ಮಾತು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ರಜೆಯಲ್ಲಿ ಕೂಲಿಗೆ ಹೋಗಿ ಮುಂದಿನ ಸೆಮಿಸ್ಟರಿನ ಶುಲ್ಕ ಹೊಂದಿಸುವವರು. ಅವರು ಏಳು ದಿನದ ಕೂಲಿಯನ್ನು ಬಿಟ್ಟು ಇನ್ನೊಂದು ಊರಿನ ಹೂಳನ್ನು ಪುಕ್ಕಟೆಯಾಗಿ ಹೊರಲು ಬಂದಿದ್ದರು. ಇದನ್ನು ನಮೂದಿಸಲು ಯಾವ ಅರ್ಜಿಯಲ್ಲಿಯೂ ಕಾಲಂ ಇಲ್ಲ.

ಆರನೆಯ ದಿನ ಮಧ್ಯಾಹ್ನ ಮೊದಲ ಮೆಟ್ಟಿಲು ಕಂಡಿತು. ಊರಿನ ಅಜ್ಜಿಯೊಬ್ಬರು ಅದರ ಮೇಲೆ ಅರಿಶಿನ ಕುಂಕುಮ ಹಾಕಿ ಕುಳಿತುಬಿಟ್ಟರು. ಮದುವೆಯಾಗಿ ಬಂದ ವರ್ಷ ಆ ಮೆಟ್ಟಿಲ ಮೇಲೆ ಬಿಂದಿಗೆ ಇಟ್ಟಿದ್ದರಂತೆ. ಆ ಕ್ಷಣದ ಫೋಟೋ ನಮ್ಮಲ್ಲಿಲ್ಲ, ಎಲ್ಲರ ಕೈಯೂ ಕೆಸರಾಗಿತ್ತು.

ಆ ಸಲ ಅತ್ಯುತ್ತಮ ಘಟಕದ ಮನ್ನಣೆಗೆ ಅರ್ಜಿ ಹಾಕಿದೆವು. ಯಾವ ಹಂತದ್ದು, ಯಾವ ವರ್ಷದ್ದು ಎಂದು ಇಲ್ಲಿ ಬರೆಯುವುದಿಲ್ಲ; ಯಾರನ್ನೋ ಈಗ ಹಿಡಿದುಕೊಡುವುದು ನನ್ನ ಉದ್ದೇಶವಲ್ಲ. ನಮ್ಮ ಅರ್ಜಿ ತಿರಸ್ಕೃತವಾಯಿತು. ಸಂಬಂಧಪಟ್ಟವರನ್ನು ಮೂರು ಸಲ ಹೋಗಿ ಕಂಡ ಮೇಲೆ, ಛಾಯಾಚಿತ್ರಗಳಲ್ಲಿ ಘಟಕದ ಬ್ಯಾನರ್ ಸ್ಪಷ್ಟವಾಗಿ ಕಾಣುತ್ತಿಲ್ಲವೆಂಬ ಕಾರಣ ಸಿಕ್ಕಿತು. ಸರಿ, ಹೂಳೆತ್ತುವಾಗ ಬ್ಯಾನರ್ ಹಿಡಿಯಲು ಇಬ್ಬರನ್ನು ಬಿಡುಗಡೆ ಮಾಡದಿದ್ದುದು ನನ್ನದೇ ತಪ್ಪೆಂದು ಒಪ್ಪಿಕೊಂಡು ಹಿಂತಿರುಗಿದೆ. ಆದರೆ ಮನ್ನಣೆ ಪಡೆದ ಕಾಲೇಜಿನ ವರದಿಯ ಪ್ರತಿಯೊಂದು ಕೆಲವು ತಿಂಗಳ ನಂತರ ತರಬೇತಿಯೊಂದರಲ್ಲಿ 'ಮಾದರಿ ವರದಿ' ಎಂದು ನನ್ನ ಕೈಗೇ ಬಂತು. ಹೊಳೆಯುವ ಕಾಗದ, ಬಣ್ಣದ ಚಿತ್ರಗಳು. ಹನ್ನೊಂದನೆಯ ಪುಟದಲ್ಲಿ ಬಿಳಿಯ ಟೀ ಶರ್ಟಿನ ಇಪ್ಪತ್ತು ಮಂದಿ ವಿದ್ಯಾರ್ಥಿಗಳು, ಮಣ್ಣು ಸೋಕದ ಹೊಸ ಗುದ್ದಲಿಗಳು, ಅಡ್ಡಕ್ಕೆ ಹಿಡಿದ ಬ್ಯಾನರ್. ಹಿಂದೆ ಇದ್ದದ್ದು ನಮ್ಮ ಕಲ್ಯಾಣಿ! ಆ ಮೊದಲ ಮೆಟ್ಟಿಲು, ಅದರ ಮೇಲಿನ ಅರಿಶಿನ ಕೂಡ ಇನ್ನೂ ಮಾಸಿರಲಿಲ್ಲ. ಊರಿನವರನ್ನು ವಿಚಾರಿಸಿದರೆ, ನಾವು ಗಂಟು ಕಟ್ಟಿಕೊಂಡು ಹೊರಟ ಮಾರನೆಯ ದಿನ ಒಂದು ಬಸ್ಸು ಬಂದಿತ್ತು, ಅರ್ಧ ಗಂಟೆ ಇದ್ದು ಹೋದರು, ನಿಮ್ಮ ಕಡೆಯವರೇ ಅಂದುಕೊಂಡು ಮಜ್ಜಿಗೆ ಕೊಟ್ಟೆವು ಎಂದರು.

ಸ್ವಾಮಿ, ಆ ಊರಿಗೆ ಯಾರಾದರೂ ಒಬ್ಬರು ಹೋಗಿ, ಅರಳಿಕಟ್ಟೆಯ ಮೇಲೆ ಕುಳಿತವರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಯಾರೂ ಹೋಗಲಿಲ್ಲ. ನಾನು ಲಿಖಿತವಾಗಿ ದೂರು ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು, ಅಷ್ಟೇ. ನಮ್ಮ ಪ್ರಾಂಶುಪಾಲರು, ಪಾಪ ಒಳ್ಳೆಯ ಮನುಷ್ಯ, "ಬಿಡಿ ಮೇಷ್ಟ್ರೇ, ನೀರು ಬಂತಲ್ಲ" ಎಂದರು. ನೀರು ಬಂತು, ನಿಜ. ಆದರೆ ಮರುವರ್ಷ ಶಿಬಿರಕ್ಕೆ ಹೆಸರು ಕೊಡಿ ಎಂದಾಗ ಹುಡುಗನೊಬ್ಬ ಎದ್ದು ನಿಂತು, "ಈ ಸಲ ನಾವೂ ಎಂಟನೇ ದಿನ ಹೋಗೋಣ ಸರ್" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ಬೇರೇನು ಮಾಡಬಹುದಿತ್ತು?

ಇದು ಒಂದು ಫಲಕದ ಜಗಳವಲ್ಲವೆಂಬುದು ತಮಗೆ ಗೊತ್ತು. ನಾವು ಸ್ವಯಂ ಅಧ್ಯಯನ ವರದಿ ಬರೆದ ಕಾಲದಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಯಾದ ನ್ಯಾಕ್‌ನ ಮೂರನೆಯ ಮಾನದಂಡದೊಳಗೆ ವಿಸ್ತರಣಾ ಚಟುವಟಿಕೆಗೆ, ಅಂದರೆ ಕಾಲೇಜಿನ ಹೊರಗಿನ ಸೇವಾ ಕೆಲಸಕ್ಕೆ, ಅಂಕಗಳಿದ್ದವು. ಅಲ್ಲಿ ಎಷ್ಟು ಕಾರ್ಯಕ್ರಮ, ಎಷ್ಟು ವಿದ್ಯಾರ್ಥಿಗಳು, ಸರ್ಕಾರ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳಿಂದ ಎಷ್ಟು ಪ್ರಶಸ್ತಿ ಎಂದು ಕೇಳುತ್ತಿದ್ದರು. ಹೀಗೆ ಎಂಟನೆಯ ದಿನದ ಫೋಟೋ ಪ್ರಶಸ್ತಿಯಾಗುತ್ತದೆ, ಪ್ರಶಸ್ತಿ ಅಂಕವಾಗುತ್ತದೆ, ಅಂಕ ಶ್ರೇಣಿಯಾಗುತ್ತದೆ, ಶ್ರೇಣಿ ಪ್ರವೇಶಾತಿಯ ಜಾಹೀರಾತಾಗುತ್ತದೆ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗಿನಲ್ಲಿ ಹೊರಚಾಚುವಿಕೆ ಎಂಬ ಅರ್ಥ ಬರುವ ಹೆಸರಿನ ಒಂದು ವಿಭಾಗವೇ ಇದೆ. ಆಸೆಯಿಂದ ತೆರೆದು ನೋಡಿದರೆ ಅಲ್ಲಿ ಅಳೆಯುವುದು ಹೊರರಾಜ್ಯದ ವಿದ್ಯಾರ್ಥಿಗಳು, ಮಹಿಳೆಯರು, ಹಿಂದುಳಿದವರು, ಅಂಗವಿಕಲರ ಸೌಲಭ್ಯ ಮುಂತಾದವನ್ನು. ಅವೂ ಬೇಕಾದವೇ. ಆದರೆ ಕಾಲೇಜು ತನ್ನ ಕಾಂಪೌಂಡಿನಾಚೆ ಯಾರ ಮನೆಯ ಕದ ತಟ್ಟಿತು ಎಂಬುದು ಅಲ್ಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸಮುದಾಯ ಸಹಭಾಗಿತ್ವದ ಬಗ್ಗೆ ಪಠ್ಯಕ್ರಮದ ಚೌಕಟ್ಟನ್ನೇ ಹೊರಡಿಸಿ, ಕ್ಷೇತ್ರಕಾರ್ಯವುಳ್ಳ ಎರಡು ಕ್ರೆಡಿಟ್‌ಗಳ ಕೋರ್ಸು ಇರಲಿ ಎಂದಿತು. ಕ್ರೆಡಿಟ್ ಎಂದ ಮೇಲೆ ದಾಖಲೆ, ದಾಖಲೆ ಎಂದ ಮೇಲೆ ಜಿಯೋಟ್ಯಾಗ್ ಮಾಡಿದ, ಅಂದರೆ ತೆಗೆದ ಸ್ಥಳ ತಾನೇ ದಾಖಲಾಗುವ ಫೋಟೋ. ಜಿಯೋಟ್ಯಾಗ್ ಆ ಬಸ್ಸು ಅಲ್ಲಿಗೆ ಹೋಗಿತ್ತೆಂಬುದನ್ನು ಬಹಳ ಪ್ರಾಮಾಣಿಕವಾಗಿ ಹೇಳುತ್ತದೆ. ಬಸ್ಸು ಹೋಗಿತ್ತಲ್ಲ!

ಇನ್ನು ಫೋಟೋಗೆ ಸಿಗದ ಕೆಲಸದ ಗತಿಯೇನು? ಅದೇ ಶಿಬಿರದಲ್ಲಿ ಸಂಜೆಯ ಹೊತ್ತು ಮನೆ ಮನೆ ಸಮೀಕ್ಷೆಗೆ ಹೋದ ನಮ್ಮ ಹುಡುಗಿಯರು, ಅರವತ್ತೈದು ದಾಟಿಯೂ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗದ ಹದಿಮೂರು ಮಂದಿಯನ್ನು ಪತ್ತೆ ಮಾಡಿದರು. ಒಬ್ಬರಿಗೆ ವಯಸ್ಸಿನ ದಾಖಲೆಯಿಲ್ಲ, ಒಬ್ಬರ ಹೆಸರು ಎರಡು ಚೀಟಿಯಲ್ಲಿ ಎರಡು ರೀತಿ. ಶಿಬಿರ ಮುಗಿದ ಮೇಲೂ ಮೂವರು ಹುಡುಗಿಯರು ನಾಲ್ಕು ತಿಂಗಳು ಸ್ವಂತ ಖರ್ಚಿನಲ್ಲಿ ನಾಡಕಚೇರಿಗೆ ಅಲೆದು, ಅರ್ಜಿ ಬರೆದು, ಒಂಬತ್ತು ಮಂದಿಗೆ ಪಿಂಚಣಿ ಮಾಡಿಸಿಕೊಟ್ಟರು. ನನ್ನ ಇಡೀ ಸೇವಾವಧಿಯಲ್ಲಿ ನಮ್ಮ ಕಾಲೇಜು ಮಾಡಿದ ಅತ್ಯಂತ ದೊಡ್ಡ ಕೆಲಸ ಅದು. ಪೌರಪ್ರಜ್ಞೆಯ ಬಗ್ಗೆ ನಾನು ಮಾಡಿದ ಯಾವ ಉಪನ್ಯಾಸವೂ ಅವರಿಗೆ ಕಲಿಸದಿದ್ದನ್ನು ನಾಡಕಚೇರಿಯ ಬೆಂಚು ಕಲಿಸಿತು. ಅರ್ಜಿಯಲ್ಲಿ ಅದನ್ನು ಎಲ್ಲಿ ಬರೆಯಬೇಕೆಂದು ತೋಚದೆ 'ಇತರೆ' ಎಂಬಲ್ಲಿ ಬರೆದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಸಮಾಜಸೇವೆಗೆಂದು ಯಾವ ಕಾಲೇಜಿಗಾದರೂ ಮನ್ನಣೆ ಕೊಡುವ ಮುನ್ನ ಊರಿಗೆ ಬಂದು ಕೇಳಿ. ತಾವೇ ಬರಬೇಕಿಲ್ಲ, ಆಯ್ಕೆ ಸಮಿತಿಯ ಇಬ್ಬರು ಬಂದರೂ ಸಾಕು. ಕಾಲೇಜಿಗೆ ತಿಳಿಸದೆ ಬರಲಿ, ಕಾಲೇಜಿನ ಕಾರಿನಲ್ಲಿ ಬಾರದಿರಲಿ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಇಂಥ ಕಾಲೇಜು ಇಂಥ ಕೆಲಸ ಮಾಡಿತೇ ಎಂದು ಅಲ್ಲಿ ಕೇಳಿ ನಡಾವಳಿಯಲ್ಲಿ ಬರೆಸಲಿ. ಶಿಬಿರ ಮುಗಿದ ವಾರ ಕೇಳಬೇಡಿ, ಒಂದು ವರ್ಷ ಬಿಟ್ಟು ಕೇಳಿ. ನೆಟ್ಟ ಸಸಿಗಳ ಲೆಕ್ಕ ನಮಗೆ ಬೇಡ, ಎರಡು ಬೇಸಿಗೆ ದಾಟಿದ ಗಿಡಗಳನ್ನು ಎಣಿಸಿ. ಇದಕ್ಕೆ ಹಣವಿಲ್ಲವೆಂದು ಕಡತದಲ್ಲಿ ಟಿಪ್ಪಣಿ ಬರಬಹುದು. ಪ್ರಶಸ್ತಿ ಪ್ರದಾನದ ವೇದಿಕೆಯ ಹೂವಿನ ಅಲಂಕಾರವನ್ನು ಒಂದು ವರ್ಷ ಕೈಬಿಟ್ಟರೆ ಇಬ್ಬರ ಬಸ್ ಚಾರ್ಜು ಖಂಡಿತ ಹೊರಡುತ್ತದೆ. ಅಷ್ಟೂ ಆಗದಿದ್ದರೆ ಮನ್ನಣೆ ಕೊಡುವುದನ್ನೇ ನಿಲ್ಲಿಸಿ. ಮಕ್ಕಳು ಹೇಗೂ ಫಲಕಕ್ಕಾಗಿ ಹೂಳು ಹೊತ್ತವರಲ್ಲ. ಸುಳ್ಳಿಗೆ ಮನ್ನಣೆ ಸಿಕ್ಕುವುದನ್ನು ಕಣ್ಣಾರೆ ನೋಡುವ ಶಿಕ್ಷೆಯನ್ನಾದರೂ ಅವರಿಗೆ ಕೊಡಬೇಡಿ.

ಮಾತು ಎಲ್ಲಿಯಾದರೂ ಗಡುಸಾಗಿದ್ದರೆ ಕ್ಷಮೆಯಿರಲಿ. ನನ್ನ ಹಳೆಯ ದೂರಿನ ಪ್ರತಿ, ಸ್ವೀಕೃತಿಯ ಮುದ್ರೆ ಸಮೇತ, ಮನೆಯ ಬೀರುವಿನಲ್ಲಿದೆ. ಆದರೆ ತಾವು ಅದನ್ನು ತರಿಸಿಕೊಳ್ಳುವುದು ಬೇಡ, ಅದೂ ಒಂದು ಕಡತವೇ. ಊರಿಗೆ ಬನ್ನಿ. ಕಲ್ಯಾಣಿಯ ಪಕ್ಕದ ಮನೆಯಲ್ಲಿ ಮಜ್ಜಿಗೆ ಕೊಡುತ್ತಾರೆ, ಯಾರು ಬಂದರೂ ಕೊಡುತ್ತಾರೆ. ಬರುವ ದಿನವನ್ನು ಮೊದಲೇ ತಿಳಿಸಿದರೆ ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ; ತಿಳಿಸದೆ ಬಂದರೆ ಇನ್ನೂ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ ಹಾಗೂ ಮಾಜಿ ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿ,
ಚಿತ್ರದುರ್ಗ ಜಿಲ್ಲೆ