ಹುಲ್ಲುಗಾವಲಿನ ಮಣ್ಣನ್ನು ಮೊದಲು ಅಗೆದು ನೋಡಿ

ಸಂಪಾದಕರೇ, ನಮಸ್ಕಾರ.

ಎತ್ತರದ ಹುಲ್ಲುಗಾವಲುಗಳ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನ ಓದಿದೆ. ಅಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಮಣ್ಣಿನಲ್ಲಿ ಸತ್ವವಿಲ್ಲ, ಉತ್ತು ಬೆಳೆ ಹಾಕಬೇಕು, ಇಲ್ಲವೇ ಸಾಲಾಗಿ ಗುಂಡಿ ತೋಡಿ ಗಿಡ ನೆಡಬೇಕು ಎಂದು ಅದರಲ್ಲಿ ಬರೆದಿದ್ದರು. ಮಣ್ಣು ಸಮೀಕ್ಷೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು, ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನೀರು ನಿಲ್ಲದಿರುವುದು ಆ ಮಣ್ಣಿನ ದೋಷವಲ್ಲ, ಗುಣ. ಅದರ ಜೊತೆಗೆ ಆ ಮಣ್ಣಿನಲ್ಲಿ ಇನ್ನೇನಿದೆ ಎಂದು ಮೇಲೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಗುಂಡಿ ತೆಗೆಯಲೇಬೇಕು. ಕೆಳಗೆ ಬಂಡೆ ಅಡ್ಡ ಬರದಿದ್ದರೆ ಒಂದೂವರೆ ಮೀಟರ್ ಆಳಕ್ಕಾದರೂ ಇಳಿಯಬೇಕು.

ನೀರು ಚೆನ್ನಾಗಿ ಬಸಿಯುವ ಮಣ್ಣು ಅಂದರೆ ನೀರು ಹಿಡಿಯದ ಮಣ್ಣು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನೀರು ಬಸಿಯುವುದನ್ನು ಸಮೀಕ್ಷೆಯವರು ಸಾಮಾನ್ಯವಾಗಿ ಏಳು ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದು ತುದಿಯಲ್ಲಿ ಸುರಿದ ನೀರೆಲ್ಲ ಸರ್ರನೆ ಇಳಿದುಹೋಗುವ ದಪ್ಪ ಮರಳು, ಇನ್ನೊಂದು ತುದಿಯಲ್ಲಿ ಸದಾ ನೀರು ನಿಂತಿರುವ ಜೌಗು. ನಾವು ಮಾತಾಡುತ್ತಿರುವ ಮಣ್ಣು ಇವೆರಡರ ನಡುವೆ ಬರುತ್ತದೆ. ಅದರಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಆದರೆ ಗಡಿಬಿಡಿಯಿಂದ ಇಳಿಯುವುದಿಲ್ಲ. ಬೇರಿಗೆ ಗಾಳಿಯೂ ಸಿಗುತ್ತದೆ, ನೀರೂ ಸಿಗುತ್ತದೆ. ಗೋಡುಮಣ್ಣಾಗಿದ್ದರೆ ಒಂದು ಮೀಟರ್ ಆಳದಲ್ಲಿ ಸುಮಾರು 150 ಮಿಲಿಮೀಟರ್ ಮಳೆಯಷ್ಟು ನೀರನ್ನು ಗಿಡಕ್ಕೆ ಸಿಗುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಸತ್ವವಿಲ್ಲದ ಮಣ್ಣು ಅನ್ನೋದು ಹೇಗೆ?

ದರ್ಜೆ ಗೊತ್ತು ಮಾಡಲು ಮಳೆಗಾಲದವರೆಗೆ ಕಾಯಬೇಕಾಗಿಲ್ಲ. ಬಣ್ಣವೇ ಬಹಳಷ್ಟು ಹೇಳುತ್ತದೆ. ಮಣ್ಣಿನಲ್ಲಿ ನೀರು ಬಹಳ ದಿನ ನಿಂತರೆ ಗಾಳಿ ಸಿಗದೆ ಕಬ್ಬಿಣದ ರೂಪ ಬದಲಾಗುತ್ತದೆ, ಅದು ನೀರಿನಲ್ಲಿ ಕರಗಿ ಸರಿದುಹೋಗುತ್ತದೆ. ಕಬ್ಬಿಣ ಹೋದ ಜಾಗ ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ಮತ್ತೆ ಗಾಳಿ ಸೋಕಿ ಕೂಡಿಕೊಂಡ ಜಾಗದಲ್ಲಿ ತುಕ್ಕಿನ ಬಣ್ಣದ ಮಚ್ಚೆಗಳು ಕಾಣುತ್ತವೆ. ಗುಂಡಿಯ ಗೋಡೆಯಲ್ಲಿ ಮೇಲಿನಿಂದ ಸುಮಾರು ಒಂದು ಮೀಟರ್‌ವರೆಗೆ ಇಂಥ ಮಚ್ಚೆ ಇಲ್ಲ, ಒಂದೇ ಹದದ ಕಂದು ಅಥವಾ ಕೆಂಗಂದು ಬಣ್ಣವಿದೆ ಅಂದರೆ ನೀರು ಚೆನ್ನಾಗಿ ಬಸಿಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಅದೇ ಗುಂಡಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಬೇಕು. ಹಳೆಯ ಹುಲ್ಲುಗಾವಲಾದರೆ ಮೇಲಿನ ಪದರ ಕಡು ಬಣ್ಣದ್ದು. ಬೆರಳಲ್ಲಿ ಒತ್ತಿದರೆ ಸಣ್ಣ ಸಣ್ಣ ಕಾಳಾಗಿ ಉದುರುತ್ತದೆ, ಪ್ರತಿ ಕಾಳಿಗೂ ಕೂದಲಿನಷ್ಟು ತೆಳ್ಳಗಿನ ಬೇರುಗಳು ಸುತ್ತಿರುತ್ತವೆ. ಈ ಕಪ್ಪು ಬಂದಿದ್ದು ಎಲೆ ಉದುರಿ ಕೊಳೆತದ್ದರಿಂದ ಮಾತ್ರ ಅಲ್ಲ, ಮುಖ್ಯವಾಗಿ ವರ್ಷ ವರ್ಷವೂ ಮಣ್ಣೊಳಗೇ ಸತ್ತು ಕರಗುವ ಹುಲ್ಲಿನ ಬೇರುಗಳಿಂದ. ಅದರ ಕೆಳಗಿನ ಪದರ ಗಟ್ಟಿ. ಅಲ್ಲಿಂದ ಒಂದು ಹೆಂಟೆ ಕಿತ್ತು ಒಡೆದು, ಭೂತಗನ್ನಡಿ ಹಿಡಿದು ನೋಡಿ. ಒಡೆದ ಮುಖದ ಮೇಲೆ ಎಣ್ಣೆ ಸವರಿದ ಹಾಗೆ ತೆಳುವಾದ ಹೊಳಪು ಕಾಣುತ್ತದೆ. ಮೇಲಿನ ಪದರದ ಜೇಡಿಯನ್ನು ಇಂಗುವ ನೀರು ಹೊತ್ತು ತಂದು ಇಲ್ಲಿ ಬಳಿದಿರುತ್ತದೆ. ಈ ಪದರ ಆಗಲು ಸಾವಿರಾರು ವರ್ಷ ಬೇಕು. ಇನ್ನೂ ಕೆಳಗೆ ಬಿಳಿ ಎಳೆಗಳು, ಮೆತ್ತಗಿನ ಬಿಳಿ ಗಂಟುಗಳು ಸಿಗಬಹುದು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಚುಸ್ ಎಂದು ನೊರೆ ಏಳುತ್ತದೆ. ಅದು ಸುಣ್ಣ. ಮಳೆನೀರು ಮೇಲಿನ ಸುಣ್ಣವನ್ನು ಕರಗಿಸಿ ತಾನು ಇಳಿಯುವಷ್ಟು ಆಳಕ್ಕೆ ಒಯ್ದು ಬಿಟ್ಟಿರುತ್ತದೆ. ಸುಣ್ಣ ಎಷ್ಟು ಆಳದಲ್ಲಿ ಶುರುವಾಗುತ್ತದೆ ಎಂದು ನೋಡಿದರೆ ಅಲ್ಲಿನ ಮಳೆ ಸಾಮಾನ್ಯವಾಗಿ ಎಷ್ಟು ಆಳಕ್ಕೆ ಇಂಗುತ್ತದೆ ಅಂತ ಅಂದಾಜು ಸಿಗುತ್ತದೆ. ಇಷ್ಟು ವಿಷಯ ಮೇಲಿನಿಂದ ಫೋಟೋ ತೆಗೆದರೆ ಗೊತ್ತಾಗುತ್ತಾ?

ಹೀಗೆ ನೋಡಿದ್ದನ್ನೆಲ್ಲ ಸೇರಿಸಿಯೇ ಮಣ್ಣಿಗೆ ಹೆಸರು ಕೊಡುವುದು. ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಹೊರತಂದ ವರ್ಗೀಕರಣವನ್ನು ಇವತ್ತು ಹಲವು ದೇಶಗಳು ಬಳಸುತ್ತವೆ, ಈಗ ಅದರಲ್ಲಿ 12 ಮುಖ್ಯ ಗಣಗಳಿವೆ. ಅದರ ಪ್ರಕಾರ ನಾನು ಮೇಲೆ ಹೇಳಿದಂಥ ಮಣ್ಣಿಗೆ ‘ಫೈನ್-ಲೋಮಿ, ಮಿಕ್ಸ್ಡ್, ಸೂಪರ್‌ಆಕ್ಟಿವ್, ಮೆಸಿಕ್ ಟಿಪಿಕ್ ಆರ್ಗಿಯುಸ್ಟಾಲ್ಸ್’ ಎಂಬ ಹೆಸರು ಬರಬಹುದು. ಕೇಳಿ ಗಾಬರಿಯಾಗಬೇಡಿ, ಇದನ್ನು ಬಾಲದಿಂದ ಓದಬೇಕು. ಕೊನೆಯ ‘ಆಲ್’ ಅಂದರೆ ಮಾಲಿಸಾಲ್ ಗಣ, ದಪ್ಪ ಕಪ್ಪು ಮೇಲ್ಮಣ್ಣಿನ, ಪೋಷಕಾಂಶ ತುಂಬಿದ ಹುಲ್ಲುನೆಲದ ಮಣ್ಣು. ಈ ಗಣಕ್ಕೆ ಸೇರಬೇಕಾದರೆ ಮೇಲ್ಪದರದಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 0.6ಕ್ಕೆ ಕಡಿಮೆ ಇರಬಾರದು. ‘ಉಸ್ಟ್’ ಅಂದರೆ ವರ್ಷದಲ್ಲಿ ಕೆಲವು ತಿಂಗಳು ಒಣಗಿ, ಗಿಡ ಬೆಳೆಯುವ ಕಾಲಕ್ಕೆ ಹಸಿಯಾಗುವ ಮಣ್ಣು. ‘ಆರ್ಗಿ’ ಅಂದರೆ ಆಗಲೇ ಹೇಳಿದ ಹೊಳಪಿನ ಜೇಡಿ ಪದರ. ‘ಮೆಸಿಕ್’ ಎಂದರೆ ಅರ್ಧ ಮೀಟರ್ ಆಳದಲ್ಲಿ ವರ್ಷದ ಸರಾಸರಿ ಉಷ್ಣತೆ 8ರಿಂದ 15 ಡಿಗ್ರಿ ಸೆಲ್ಸಿಯಸ್ ಒಳಗೆ. ‘ಫೈನ್-ಲೋಮಿ’ ಎಂದರೆ ಜೇಡಿಯ ಪ್ರಮಾಣ ಶೇ 18ರಿಂದ 35ರ ಒಳಗೆ. ಒಂದು ಹೆಸರಿನಲ್ಲಿ ಹವೆ, ಬಣ್ಣ, ಜೇಡಿ, ತೇವ ಎಲ್ಲ ಬಂತು ಅಲ್ವಾ? ಬಿಸಿ ಜಾಸ್ತಿ ಇರುವ ಕಡೆ, ಮೇಲ್ಮಣ್ಣು ತೆಳ್ಳಗಿರುವ ಕಡೆ ಹೆಸರು ಬೇರೆ ಆಗುತ್ತದೆ, ಆಗಲೇಬೇಕು. ಎರಡು ದಿಬ್ಬಗಳ ಮೇಲೆ ಒಂದೇ ಹುಲ್ಲು ಇದ್ದರೂ ಕೆಳಗಿನ ಮಣ್ಣು ಎರಡು ಗಣಕ್ಕೆ ಸೇರಿರಬಹುದು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಲೇಖನದಲ್ಲಿ ಹೇಳಿದ ಎರಡು ಕೆಲಸಕ್ಕೂ ಈ ಪದರಗಳೇ ಉತ್ತರ ಕೊಡುತ್ತವೆ. ಉತ್ತರೆ ಏನಾಗುತ್ತದೆ? ಬೇರು ಹಿಡಿದಿಟ್ಟ ಕಾಳುಗಳು ಒಡೆಯುತ್ತವೆ, ಇಂಗಾಲ ಗಾಳಿಗೆ ಹೋಗುತ್ತದೆ, ಇಳಿಜಾರಿನಲ್ಲಿ ಮೊದಲ ಜೋರು ಮಳೆಗೇ ಕಪ್ಪು ಪದರ ಕೊಚ್ಚಿಕೊಂಡು ಹೋಗಲು ಶುರು. ಅಮೆರಿಕದ ದೊಡ್ಡ ಬಯಲಿನಲ್ಲಿ ಹುಲ್ಲು ಕಿತ್ತು ಗೋಧಿ ಬಿತ್ತಿದರು, 1930ರ ದಶಕದಲ್ಲಿ ಬರ ಬಂದಾಗ ಅದೇ ನೆಲ ಧೂಳಾಗಿ ಎದ್ದಿತು. 1935ರಲ್ಲಿ ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆ ಕಾಯ್ದೆಯನ್ನೇ ತರಬೇಕಾಯಿತು. ಇನ್ನು ಗಿಡದ ಗುಂಡಿ. ಸುಣ್ಣದ ಪದರ ಅರ್ಧ ಮೀಟರಿಗೇ ಇದ್ದರೆ, ಗುಂಡಿ ತೋಡಿದಾಗ ಆ ಬಿಳಿ ಮಣ್ಣು ಮೇಲೆ ಬಂದು ಕಪ್ಪು ಮಣ್ಣಿನ ಜೊತೆ ಬೆರೆಯುತ್ತದೆ. ಸುಣ್ಣ ಜಾಸ್ತಿಯಾದರೆ ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಷ್ಟೋ ಜಾತಿಯ ಸಸಿಗಳ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಆಮೇಲೆ ಗೊಬ್ಬರ ಹಾಕಿಲ್ಲ, ನೀರು ಹಾಕಿಲ್ಲ ಅಂತ ನೋಡಿಕೊಂಡವರನ್ನು ಬೈಯುತ್ತಾರೆ.

ಹಾಗಂತ ಮೇಯಿಸುವವರು ಏನು ಮಾಡಿದರೂ ಸರಿ ಎಂದು ನಾನು ಹೇಳುತ್ತಿಲ್ಲ. ನೀರು ಚೆನ್ನಾಗಿ ಬಸಿಯುವ ಮಣ್ಣೂ ಹಸಿ ಇರುವಾಗ ಗೊರಸಿನ ಕೆಳಗೆ ಬಿಗಿಯುತ್ತದೆ. ಹುಲ್ಲು ಬುಡದವರೆಗೆ ಮೇಯ್ದು ನೆಲ ಬೋಳಾದರೆ ಮಳೆಹನಿಯ ಹೊಡೆತಕ್ಕೆ ಮೇಲೆ ತೆಳ್ಳಗಿನ ಚಕ್ಕೆ ಕಟ್ಟುತ್ತದೆ, ನೀರು ಇಂಗುವ ಬದಲು ಹರಿದುಹೋಗುತ್ತದೆ. ಅಂಥ ಕಡೆ ಜೋರು ಮಳೆ ಬಿದ್ದ ಮಾರನೆಯ ದಿನ ಅಗೆದರೂ ಒಂದು ಗೇಣಿನ ಕೆಳಗೆ ಒಣ ಮಣ್ಣು ಸಿಗಬಹುದು. ಅದನ್ನು ಕಂಡು ಮಣ್ಣೇ ಕೆಟ್ಟದ್ದು ಅಂತ ತೀರ್ಮಾನಿಸಬಾರದು. ಹುಲ್ಲಿಗೆ ಬಿಡುವು ಕೊಟ್ಟು, ಮಣ್ಣು ಆರಿದ ಮೇಲೆ ದನ ಕುರಿ ಬಿಟ್ಟರೆ ಬೇರುಗಳೇ ನಿಧಾನವಾಗಿ ಮತ್ತೆ ದಾರಿ ಬಿಡಿಸುತ್ತವೆ.

ನಿಮ್ಮಲ್ಲಿ ಒಂದು ಕೋರಿಕೆ. ಇಂಥ ನೆಲವನ್ನು ಬೇರೆ ಕೆಲಸಕ್ಕೆ ತಿರುಗಿಸುವ ಯೋಜನೆಗಳ ಸುದ್ದಿ ಹಾಕುವಾಗ ನಿಮ್ಮ ವರದಿಗಾರರು ಮೂರು ವಿಷಯ ಕೇಳಿ ಬರೆಯಲಿ: ಮಣ್ಣಿನ ಗುಂಡಿ ಎಲ್ಲಿ ತೆಗೆದರು, ಮೇಲಿನ ಕಪ್ಪು ಪದರ ಎಷ್ಟು ದಪ್ಪ ಇತ್ತು, ಸುಣ್ಣ ಅಥವಾ ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು. ಗುಂಡಿಯನ್ನೇ ತೆಗೆದಿಲ್ಲ ಅಂದರೆ ಅದನ್ನೂ ಹಾಗೆಯೇ ಅಚ್ಚು ಹಾಕಿ.

— ನಿಮ್ಮ ಪತ್ರಿಕೆಯ ಹಳೆಯ ಓದುಗ