ಉಣುಗು ಕಚ್ಚಿ ವಾರಗಳ ಮೇಲೆ ತೋಳು ನೋವು, ಜುಮುಜುಮು

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆಯ ಸದಸ್ಯರ ಗಮನಕ್ಕೆ. ಉಣುಗು ಕಚ್ಚಿ ಕೆಲವು ವಾರ, ತಿಂಗಳಾದ ಮೇಲೆ ತೋಳು ನೋಯುತ್ತಾ ಜುಮ್ಮೆನ್ನುತ್ತಿದ್ದರೆ "ಮಲಗಿದ್ದು ಸರಿಯಾಗಿಲ್ಲ" ಎಂದು ಸುಮ್ಮನಾಗಬೇಡಿ. ಉಣುಗು ಕಡಿತದಿಂದ ಹರಡುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾದಿಂದ ಬೆನ್ನುಹುರಿಯ ನರಗಳ ಬುಡದಲ್ಲಿ ಉರಿಯೂತ ಬರಬಹುದು. ಆ ನೋವು ಉರಿದಂತೆ, ಚುಚ್ಚಿದಂತೆ ಇರುತ್ತದೆ. ರಾತ್ರಿ ಜಾಸ್ತಿ, ಮಾಮೂಲಿ ನೋವಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಜುಮ್ಮೆಂದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕತ್ತು ತಿರುಗಿಸಿದಾಗ ಹೆಚ್ಚಾದರೆ ಕತ್ತಿನ ಮೂಳೆಗಳ ನಡುವಿನ ಡಿಸ್ಕ್ ತೊಂದರೆಯೂ ಇರಬಹುದು. ತೀರ್ಮಾನ ಡಾಕ್ಟರದು. ಆದರೆ ಉಣುಗಿನ ವಿಷಯ ನೀವಾಗಿಯೇ ಹೇಳಿ: ಯಾವ ತಿಂಗಳು, ಎಲ್ಲಿ ಓಡಾಡಿದ್ದು, ಮೈಮೇಲೆ ಹರಡುವ ಮಚ್ಚೆ ಎದ್ದಿತ್ತೇ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಾಗದೆ ನೇರಳೆ ಅಥವಾ ಕಂದಾಗಿ ಕಾಣಬಹುದು. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಮೊದಲ ಕೆಲವು ವಾರ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಸಾಲದೆ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಮತ್ತೆ ಮಾಡಿಸಬೇಕಾದೀತು. ನರಕ್ಕೆ ತಗುಲಿದ ಲೈಮ್‌ಗೆ ಸಾಮಾನ್ಯವಾಗಿ 14ರಿಂದ 21 ದಿನ ಆಂಟಿಬಯಾಟಿಕ್, ಹೆಚ್ಚಾಗಿ ಡಾಕ್ಸಿಸೈಕ್ಲಿನ್. ಊರಿಂದ ತಂದಿಟ್ಟ ಮಾತ್ರೆ ನಾಲ್ಕು ದಿನ ನುಂಗಿ ಬಿಡಬೇಡಿ, ದಯವಿಟ್ಟು.

ಮುಖ ದಿಢೀರನೆ ಸೊಟ್ಟಗಾದರೆ, ಕೈಯ ಬಲ ಒಮ್ಮೆಲೇ ತಪ್ಪಿದರೆ, ತೋಳಿನ ಜೊತೆ ಎದೆಯೂ ನೋಯುತ್ತಿದ್ದರೆ ಲೈಮ್ ಇರಬೇಕೆಂದು ಕಾಯದೆ 911ಕ್ಕೆ ಕರೆ ಮಾಡಿ.

ಅಂಟಿಕೊಂಡ ಉಣುಗು ಈಗಷ್ಟೇ ಕಂಡರೆ ಚೂಪು ಚಿಮುಟದಿಂದ ಚರ್ಮದ ಮಟ್ಟಕ್ಕೆ ಹಿಡಿದು ನೇರ ಎಳೆಯಿರಿ; ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ತೆಗೆದ 72 ಗಂಟೆಯೊಳಗೆ ಡಾಕ್ಟರಿಗೆ ಫೋನ್ ಮಾಡಿ, ಮುಂಜಾಗ್ರತೆಗೆ ಆಂಟಿಬಯಾಟಿಕ್‌ನ ಒಂದು ಡೋಸ್ ಬೇಕೇ ಎಂದು ಕೇಳಿ.